ಅಂಕಲ್‌ನ ಚಾಪ್ ಎತ್ತೋಕೆ ನಾನು ಕಲಿತ ರೀತಿ

ಮೈಸೂರಿನ ನಮ್ಮ ಟೇಬಲ್ ಟೆನಿಸ್ ಕ್ಲಬ್ಬಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಆಡುತ್ತಾರೆ. ಎಲ್ಲರಿಗೂ ಅವರು ಅಂಕಲ್. ಟೇಬಲ್‌ನಿಂದ ಎರಡು ಮೂರು ಹೆಜ್ಜೆ ಹಿಂದೆ ನಿಂತು, ಸೌದೆ ಸೀಳುವ ಹಾಗೆ ಬ್ಯಾಟನ್ನು ಮೇಲಿಂದ ಕೆಳಗೆ ಇಳಿಸುತ್ತಾರೆ. ಇದಕ್ಕೇ ಚಾಪ್ ಅನ್ನುತ್ತಾರೆ. ಚೆಂಡು ತೇಲಿಕೊಂಡು ನಿಧಾನವಾಗಿ ಬರುತ್ತದೆ. ಹೊಡೆಯೋಕೆ ಇದಕ್ಕಿಂತ ಸುಲಭದ ಚೆಂಡು ಇಲ್ಲ ಅನ್ನಿಸುತ್ತದೆ. ಬ್ಯಾಟ್ ತಾಗಿದ ಕೂಡಲೇ ಸೀದಾ ನೆಟ್‌ಗೆ ಹೋಗಿ ಬೀಳುತ್ತದೆ. ಮೂರು ತಿಂಗಳು ನನ್ನ ಆಟ ಹೀಗೇ ಮುಗಿಯುತ್ತಿತ್ತು.

ನಾನು ಮಾಡುತ್ತಿದ್ದ ತಪ್ಪು ಒಂದೇ, ಇನ್ನೂ ಜೋರಾಗಿ ಹೊಡೆಯುವುದು. ಹೀಗೆ ಚಾಪ್ ಮಾಡಿದ ಬ್ಯಾಕ್‌ಸ್ಪಿನ್ ಚೆಂಡು ನಮ್ಮ ಕಡೆ ಬರುತ್ತಾ ಹಿಂದಕ್ಕೆ ಸುತ್ತುತ್ತಿರುತ್ತದೆ. ಅದು ರಬ್ಬರಿಗೆ ಕಚ್ಚಿಕೊಂಡಾಗ ಕೆಳಕ್ಕೇ ಜಾರುತ್ತದೆ. ಬ್ಯಾಟನ್ನು ಮುಂದಕ್ಕೆ ತಳ್ಳಿದರೆ ಏನೂ ಆಗಲ್ಲ, ಕೆಳಗಿಂದ ಮೇಲಕ್ಕೆ ಉಜ್ಜಬೇಕು.

ಇದಕ್ಕೆ ಒಬ್ಬ ಗೆಳೆಯನನ್ನು ಹಿಡಿದೆ. ಬಕೆಟ್ ತುಂಬಾ ಚೆಂಡು ಇಟ್ಟುಕೊಂಡು ಅವನು ಒಂದೊಂದೇ ಕತ್ತರಿಸಿ ಕಳಿಸುತ್ತಿದ್ದ. ನಾನು ಮಂಡಿ ಬಗ್ಗಿಸಿ, ಬ್ಯಾಟನ್ನು ಮಂಡಿಯ ಮಟ್ಟಕ್ಕೆ ಇಳಿಸಿ, ಚೆಂಡು ಪುಟಿದು ಸ್ವಲ್ಪ ಇಳಿಯುವವರೆಗೆ ಕಾಯುತ್ತಿದ್ದೆ. ಆಮೇಲೆ ಕಾಲಿನ ಬಲದಿಂದ ಎದ್ದು ಲೂಪ್ ಮಾಡುತ್ತಿದ್ದೆ, ಅಂದರೆ ಚೆಂಡನ್ನು ಕೆಳಗಿಂದ ಮೇಲಕ್ಕೆ ಉಜ್ಜುತ್ತಿದ್ದೆ. ನೋಡೋಕಿಂತ ಕೇಳೋದೇ ಜಾಸ್ತಿ ಸಹಾಯಕ್ಕೆ ಬಂತು. ‘ಟಕ್’ ಅಂದರೆ ಬ್ಯಾಟ್ ಚೆಂಡಿಗೆ ಬಡಿದಿದೆ, ಅದು ನೆಟ್‌ಗೇ. ‘ಸರ್ರ್’ ಅಂತ ತೆಳ್ಳಗೆ ಸದ್ದು ಬಂದರೆ ಉಜ್ಜಿದೆ, ಅದು ಆಚೆ ದಾಟುತ್ತದೆ. ನೆಟ್ ಬರೀ 15.25 ಸೆಂ.ಮೀ. ಎತ್ತರ ಅಲ್ವಾ? ಆದರೂ ಅದರ ಮೇಲೆ ಒಂದು ಗೇಣು ಜಾಗ ಬಿಟ್ಟೇ ಗುರಿ ಇಟ್ಟೆ.

ಲೂಪ್ ಬಂತು, ಅಂಕಲ್ ಮಾತ್ರ ಸೋಲಲಿಲ್ಲ. ಮೊದಲನೇ ಲೂಪ್ ಹೋಗುತ್ತಿತ್ತು, ಎರಡನೆಯದು ಮತ್ತೆ ನೆಟ್‌ಗೆ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ. ಅವರು ಬ್ಯಾಟನ್ನು ನನ್ನ ಕೈಗೇ ಕೊಟ್ಟರು. ಒಂದು ಕಡೆ ಕೆಂಪು, ನುಣ್ಣಗಿನ ರಬ್ಬರ್. ಇನ್ನೊಂದು ಕಡೆ ಕಪ್ಪು, ಬೆರಳಲ್ಲಿ ಒತ್ತಿದರೆ ಬಾಗುವ ಉದ್ದನೆಯ ಮುಳ್ಳುಗಳು. ಲಾಂಗ್ ಪಿಂಪಲ್ಸ್. ಭಾರತದ ಆಟಗಾರ್ತಿ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್‌ಗೆ ಹಾಕಿಕೊಂಡಿದ್ದೂ ಇದೇ ಜಾತಿಯ ರಬ್ಬರ್. ಆದರೆ ಅವರು ಟೇಬಲ್ ಹತ್ತಿರವೇ ನಿಂತು ಆಡುತ್ತಾರೆ.

“ನೋಡಪ್ಪ, ಕಪ್ಪು ಕಡೆಯಿಂದ ನಾನೇನೂ ಮಾಡಲ್ಲ. ನೀನು ಕೊಟ್ಟಿದ್ದನ್ನೇ ವಾಪಸ್ ಕೊಡ್ತೀನಿ,” ಅಂದರು.

ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ. ಮುಳ್ಳು ಚೆಂಡಿನ ಸುತ್ತನ್ನು ನಿಲ್ಲಿಸುವುದಿಲ್ಲ. ನಾನು ಲೂಪ್‌ನಲ್ಲಿ ಎಷ್ಟು ಟಾಪ್‌ಸ್ಪಿನ್ (ಮುಂದಕ್ಕೆ ಸುತ್ತು) ಕೊಟ್ಟರೆ ಅಷ್ಟೇ ಭಾರದ ಬ್ಯಾಕ್‌ಸ್ಪಿನ್ ಆಗಿ ಅದು ತಿರುಗಿ ಬರುತ್ತದೆ. ಅಂದರೆ ನನ್ನನ್ನು ಕೆಡವುತ್ತಿದ್ದದ್ದು ನನ್ನದೇ ಲೂಪ್. ಅದೇ ಕಪ್ಪು ಕಡೆಗೆ ನಾನು ಪುಶ್ ಮಾಡಿದರೆ, ಅಂದರೆ ಚೆಂಡಿನ ಅಡಿಯನ್ನು ಮೆಲ್ಲಗೆ ಸವರಿ ತಳ್ಳಿದರೆ? ಸ್ಪಿನ್ ಇಲ್ಲದ, ಕೆಲವು ಸಲ ಸ್ವಲ್ಪ ಟಾಪ್‌ಸ್ಪಿನ್ ಇರುವ ಚೆಂಡು ಬರುತ್ತದೆ. ಹೊಡೆಯಬೇಕಾದದ್ದು ಅದನ್ನು.

ಅವತ್ತಿನಿಂದ ಲೂಪ್ ಮೇಲೆ ಲೂಪ್ ಹಾಕುವುದು ಬಿಟ್ಟೆ. ಒಂದು ನಿಧಾನದ ಲೂಪ್, ಆಮೇಲೆ ಕಪ್ಪು ಕಡೆಗೆ ಉದ್ದನೆಯ ಪುಶ್, ಬಂದ ಚೆಂಡನ್ನು ಅವರ ಹೊಟ್ಟೆಯ ನೇರಕ್ಕೆ ಹೊಡೆಯುವುದು. ಚಾಪರ್‌ಗೆ ಎಡಕ್ಕೋ ಬಲಕ್ಕೋ ಹೊಡೆದರೆ ಕೈ ಚಾಚಿ ತೆಗೆಯುತ್ತಾರೆ, ಮೈಮೇಲೆ ಬಂದರೆ ಕಷ್ಟ. ತೀರಾ ಹಿಂದೆ ಹೋಗಿದ್ದರೆ ನೆಟ್ ಹತ್ತಿರ ಸುಮ್ನೆ ಇಡುತ್ತೇನೆ. ಚೆಂಡಿನ ಮೇಲಿನ ಮುದ್ರೆಯನ್ನೂ ನೋಡುತ್ತೇನೆ. ಅದು ಕಣ್ಣಿಗೆ ಕಂಡರೆ ಸ್ಪಿನ್ ಕಮ್ಮಿ, ಬರೀ ಮಸುಕಾದರೆ ಜಾಸ್ತಿ.

ಇಷ್ಟಾದರೂ ಒಳ್ಳೆಯ ಚಾಪರ್‌ನನ್ನು ಕಂಡರೆ ನನಗೆ ಗೌರವ ಹೆಚ್ಚಾಗುತ್ತಲೇ ಇದೆ. 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೊರಿಯಾದ ಜೂ ಸೆ ಹ್ಯುಕ್ ಚಾಪ್ ಮಾಡುತ್ತಲೇ ಫೈನಲ್ ತಲುಪಿದ್ದರು. ಆಸ್ಟ್ರಿಯಾದ ವರ್ನರ್ ಶ್ಲಾಗರ್‌ಗೆ ಸೋತರು. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಹೋದ ತಿಂಗಳು ಅಂಕಲ್ ಎದುರು ಮೊದಲ ಸಲ ಗೆದ್ದೆ, ಐದನೇ ಗೇಮ್‌ನಲ್ಲಿ 11–9. ಅವರು ಕೈ ಕುಲುಕಿ, ನನ್ನ ಬೆನ್ನು ತಟ್ಟಿದರು. ಮಾರನೇ ವಾರದಿಂದ ರ‍್ಯಾಲಿಯ ನಡುವೆಯೇ ಬ್ಯಾಟ್ ತಿರುಗಿಸೋಕೆ ಶುರು ಮಾಡಿದ್ದಾರೆ. ಈಗ ನಾನು ಚೆಂಡಿಗಿಂತ ಮೊದಲು ಅವರ ಬೆರಳು ನೋಡುತ್ತೇನೆ, ಈ ಸಲ ಕೆಂಪೋ ಕಪ್ಪೋ ಅಂತ.