ಮಗುವಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕತ್ವ ಪಡೆಯುವುದು ಹೇಗೆ?

ಆಟಿಸಂ ಅಥವಾ ಬೌದ್ಧಿಕ ಅಸಾಮರ್ಥ್ಯವಿರುವ ಮಗನ ಕೈ ಹಿಡಿದು ಬ್ಯಾಂಕಿಗೆ ಬಂದ ತಾಯಿಗೆ, ತಾನು ಇಷ್ಟು ವರ್ಷ ಅವನ ಪರವಾಗಿ ಹಾಕುತ್ತ ಬಂದ ಸಹಿ ಇನ್ನು ಮುಂದೆ ನಡೆಯುವುದಿಲ್ಲ ಎಂಬುದು ಕೌಂಟರಿನ ಮುಂದೆ ನಿಂತಾಗಲೇ ತಿಳಿಯುವುದುಂಟು. 18 ವರ್ಷ ತುಂಬಿದವರೆಲ್ಲ ಕಾನೂನಿನ ದೃಷ್ಟಿಯಲ್ಲಿ ವಯಸ್ಕರು. ಅವರ ಪರವಾಗಿ ವ್ಯವಹರಿಸಲು ಹೆತ್ತವರಿಗೂ ಕಾನೂನುಬದ್ಧ ಪೋಷಕರಾಗಿ (ಗಾರ್ಡಿಯನ್) ಅಧಿಕೃತ ನೇಮಕ ಬೇಕು. ಅದಕ್ಕೆ ದಾರಿ ಮಾಡಿಕೊಟ್ಟಿರುವುದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ.

ಈ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹತೋಟಿ ಕುಂದುವ ಸ್ಥಿತಿ), ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ ಅನ್ವಯಿಸುತ್ತದೆ. ಕೋಮಾದಲ್ಲಿರುವವರ ಕುಟುಂಬದವರು ಸಾಮಾನ್ಯವಾಗಿ ಹೈಕೋರ್ಟಿನ ಮೊರೆ ಹೋಗಬೇಕಾಗುತ್ತದೆ.

ಮೊದಲು ಅಂಗವೈಕಲ್ಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ವಿಳಾಸ ಹಾಗೂ ಸಂಬಂಧವನ್ನು ತೋರಿಸುವ ಕಾಗದಪತ್ರಗಳನ್ನು ಒಟ್ಟುಮಾಡಿಕೊಳ್ಳಿ. ಎಲ್ಲದರಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ನೋಡಿ, ವ್ಯತ್ಯಾಸವಿದ್ದರೆ ಈಗಲೇ ತಿದ್ದಿಸಿಕೊಳ್ಳುವುದು ಮೇಲು. ಅರ್ಜಿಯನ್ನು ತಂದೆ ತಾಯಿ ಇಬ್ಬರೂ ಸೇರಿ ಸಲ್ಲಿಸಬೇಕು. ಮರಣ, ವಿಚ್ಛೇದನದಂಥ ಕಾರಣದಿಂದ ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರೇ ಸಲ್ಲಿಸಬಹುದು.

ಅರ್ಜಿಯನ್ನು ತೀರ್ಮಾನಿಸುವುದು ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನ್ಯಾಷನಲ್ ಟ್ರಸ್ಟಿನಲ್ಲಿ ನೋಂದಾಯಿತವಾದ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಅಂಗವೈಕಲ್ಯವುಳ್ಳ ಒಬ್ಬ ವ್ಯಕ್ತಿ ಇರುತ್ತಾರೆ. ಯಾರಿಗಾಗಿ ಅರ್ಜಿ ಬಂದಿದೆಯೋ ಅವರಿಗೆ ಪೋಷಕರು ನಿಜಕ್ಕೂ ಬೇಕೇ, ಬೇಕಾದರೆ ಯಾವ ಯಾವ ಕೆಲಸಕ್ಕೆ ಎಂಬ ಎರಡು ಪ್ರಶ್ನೆಗಳನ್ನು ಸಮಿತಿ ಪರಿಶೀಲಿಸುತ್ತದೆ. ಎರಡನೆಯ ಪ್ರಶ್ನೆಯನ್ನು ಮನೆಯಲ್ಲೇ ಕೂತು ಯೋಚಿಸಿ ಹೋಗುವುದು ಬಹಳ ಮುಖ್ಯವೆಂದು ನನ್ನ ಅನಿಸಿಕೆ. ಹಣದ ಲೆಕ್ಕ ತಿಳಿಯದ ಮಗಳಿಗೆ ತಾನು ಯಾರೊಡನೆ ಇರಬೇಕು, ಯಾವ ಬಟ್ಟೆ ಉಡಬೇಕು ಎಂಬುದು ಚೆನ್ನಾಗಿಯೇ ತಿಳಿದಿರಬಹುದು. ಅವಳು ಸ್ವತಃ ನಿರ್ಧರಿಸಬಲ್ಲದ್ದನ್ನು ಅವಳಿಗೇ ಬಿಟ್ಟು, ಉಳಿದದ್ದಕ್ಕಷ್ಟೇ ಅಧಿಕಾರ ಕೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೀಮಿತ ಪೋಷಕತ್ವದ ಹಿಂದೆಯೂ, ನಿರ್ಧಾರವನ್ನು ಪೋಷಕರು ಮತ್ತು ಆ ವ್ಯಕ್ತಿ ಇಬ್ಬರೂ ಸೇರಿ ತೆಗೆದುಕೊಳ್ಳಬೇಕೆಂಬ ಈ ಭಾವವೇ ಇದೆ.

ನೇಮಕದ ಆದೇಶ ಕೈಸೇರಿದ ಮೇಲೆ ಎಷ್ಟೋ ಮಂದಿ ಕಡತವನ್ನು ಬೀರುವಿನಲ್ಲಿಟ್ಟು ಮರೆತುಬಿಡುತ್ತಾರೆ. ಹಾಗೆ ಮಾಡಬಾರದು. ಆರು ತಿಂಗಳೊಳಗೆ ಆ ವ್ಯಕ್ತಿಯ ಸ್ಥಿರಾಸ್ತಿ, ಚರಾಸ್ತಿ, ಬರಬೇಕಾದ ಹಣ ಮತ್ತು ಸಾಲಗಳ ಪಟ್ಟಿಯನ್ನು ಸಮಿತಿಗೆ ಸಲ್ಲಿಸಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಜಮಾ, ಖರ್ಚು, ಉಳಿಕೆಯ ಲೆಕ್ಕ ಒಪ್ಪಿಸಬೇಕು. ಇದಕ್ಕಾಗಿ ಒಂದು ಪುಸ್ತಕವನ್ನೇ ಬೇರೆ ಇಟ್ಟು, ಔಷಧಿಯ ರಸೀದಿಯನ್ನೂ ಅಂದಂದೇ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆದರೆ ವರ್ಷಾಂತ್ಯದಲ್ಲಿ ಪರದಾಡಬೇಕಿಲ್ಲ. ಪೋಷಕರು ನಿರ್ಲಕ್ಷ್ಯ ಮಾಡಿದರೆ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿಕೊಂಡರೆ, ಅವರನ್ನು ತೆಗೆದುಹಾಕುವಂತೆ ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಸಮಿತಿಯನ್ನು ಕೋರಬಹುದು.

ತಂದೆ ತಾಯಿಯ ಕಾಲಾನಂತರ ಒಡಹುಟ್ಟಿದವರು ಪೋಷಕತ್ವಕ್ಕೆ ಅರ್ಜಿ ಹಾಕಬಹುದು. ಆದ್ದರಿಂದ ಆದೇಶದ ಪ್ರತಿ ಮತ್ತು ಲೆಕ್ಕದ ಪುಸ್ತಕ ಎಲ್ಲಿವೆ ಎಂಬುದನ್ನು ಅವರಿಗೆ ಈಗಲೇ ತೋರಿಸಿಡಿ. ಆ ಮಾತುಕತೆಯಲ್ಲಿ ಯಾರ ಹೆಸರಿನಲ್ಲಿ ಅದೆಲ್ಲ ಇದೆಯೋ ಆ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.