ಹಳೆಯ ನ್ಯಾರೋಗೇಜ್ ಉಗಿ ಎಂಜಿನ್ನಿನ ಬದುಕನ್ನು ಅದರ ಮೈಮೇಲೆಯೇ ಓದುವ ಬಗೆ

ಬೆಂಗಳೂರಿನಿಂದ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರಗಳನ್ನು ಹಾದು ಬಂಗಾರಪೇಟೆಗೆ ಒಂದು ಕಾಲದಲ್ಲಿ ನ್ಯಾರೋಗೇಜ್ ರೈಲು, ಅಂದರೆ ಕಿರಿದಾದ ಹಳಿಯ ರೈಲು, ಓಡುತ್ತಿತ್ತು. ಈಗ ಅಲ್ಲಿರುವುದು ಬ್ರಾಡ್‌ಗೇಜ್ ಹಳಿ. ಗುಜರಿಗೆ ಹೋಗದೆ ಉಳಿದ ಹಳೆಯ ಎಂಜಿನ್‌ಗಳು ಹೊಸ ಬಣ್ಣ ಬಳಿಸಿಕೊಂಡು ಅಲ್ಲಲ್ಲಿ ಪ್ರದರ್ಶನಕ್ಕೆ ನಿಂತಿವೆ. ಎದುರಿಗಿರುವ ಫಲಕ ಸಾಮಾನ್ಯವಾಗಿ ಎಂಜಿನ್ ತಯಾರಾದ ವರ್ಷವನ್ನೂ ಸೇವೆ ಮುಗಿಸಿದ ವರ್ಷವನ್ನೂ ಹೇಳಿ ಸುಮ್ಮನಾಗುತ್ತದೆ. ನಡುವಿನ ದಶಕಗಳ ದುಡಿಮೆಯನ್ನು ತಿಳಿಯಬೇಕಾದರೆ ಎಂಜಿನ್ನಿನ ಮೈಯನ್ನೇ ನೋಡಬೇಕು. ಅಭ್ಯಾಸಕ್ಕೆ ಬೆಂಗಳೂರಿನವರು 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಒಂದೇ ದಿನದಲ್ಲಿ ಹೋಗಿಬರಬಹುದು.

ಮೊದಲು ಗೇಜನ್ನು ಖಚಿತಪಡಿಸಿಕೊಳ್ಳಿ. ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದರೆ ಸಾಕು. ನಮ್ಮ ದೇಶದಲ್ಲಿ 762 ಮಿಲಿಮೀಟರ್ ಮತ್ತು 610 ಮಿಲಿಮೀಟರ್ ಎರಡನ್ನೂ ನ್ಯಾರೋಗೇಜ್ ಎಂದೇ ಕರೆಯುವುದರಿಂದ ಈ ಅಳತೆ ಮುಖ್ಯ. ಬಂಗಾರಪೇಟೆ ಮಾರ್ಗ 762ರದು. ನಂತರ ಮುಂದಿನ ಪುಟ್ಟ ಚಕ್ರಗಳು, ರಾಡಿನಿಂದ ಜೋಡಿಸಿದ ದೊಡ್ಡ ಚಕ್ರಗಳು, ಹಿಂದಿನ ಪುಟ್ಟ ಚಕ್ರಗಳು ಎಂಬ ಕ್ರಮದಲ್ಲಿ ಎರಡೂ ಬದಿಯ ಲೆಕ್ಕವನ್ನು ಸೇರಿಸಿ ಬರೆದುಕೊಳ್ಳಿ. 2-6-2 ಎಂದು ಬಂದರೆ ಅದು 762ರ ಗೇಜಿನ ಎಂಜಿನ್‌ಗಳ ಒಂದು ಮಾದರಿಯಾದ ಝಡ್‌ಬಿ ವರ್ಗದ್ದಾಗಿರುವ ಸಾಧ್ಯತೆಯುಂಟು.

ತಯಾರಕರ ಲೋಹದ ಫಲಕದಲ್ಲಿ ಕಾರ್ಖಾನೆಯ ಹೆಸರು, ಕ್ರಮಸಂಖ್ಯೆ, ವರ್ಷ ಸಿಗುತ್ತವೆ. ಇದನ್ನು ನಂಬಿ, ಆದರೆ ಇಡೀ ಎಂಜಿನ್ನಿಗೆ ಅನ್ವಯಿಸಬೇಡಿ. ವರ್ಕ್‌ಶಾಪಿನಲ್ಲಿ ದೊಡ್ಡ ರಿಪೇರಿಗೆ ನಿಂತಾಗ ಬಾಯ್ಲರನ್ನು ಕಳಚಿ, ಸಿದ್ಧವಾಗಿರುವ ಬೇರೊಂದು ಬಾಯ್ಲರನ್ನು ಕೂರಿಸಿ, ಎಂಜಿನ್ನನ್ನು ಬೇಗ ಕೆಲಸಕ್ಕೆ ಕಳುಹಿಸುವುದು ರೈಲ್ವೆಯಲ್ಲಿ ರೂಢಿಯಾಗಿತ್ತು. ಹಾಗಾಗಿ ಬಾಯ್ಲರಿನ ವಯಸ್ಸೇ ಬೇರೆ, ಚೌಕಟ್ಟಿನ ವಯಸ್ಸೇ ಬೇರೆ ಆಗಿರಬಹುದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ಚಕ್ರಗಳನ್ನು ಜೋಡಿಸುವ ರಾಡುಗಳು. ರಾಡಿನ ತುದಿ ದಪ್ಪವಾಗುವಲ್ಲಿ, ಗ್ರೀಸು ಗಟ್ಟಿಕಟ್ಟಿದ ಜಾಗದಲ್ಲಿ, ಅಚ್ಚಿನಿಂದ ಒತ್ತಿದ ಸಣ್ಣ ಅಂಕಿಗಳಿರುತ್ತವೆ. ಅದು ಆ ಭಾಗ ಸೇರಿದ ಎಂಜಿನ್ನಿನ ಸಂಖ್ಯೆ. ಬಣ್ಣ ದಪ್ಪವಾಗಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಅಂಕಿಯ ಅಂಚುಗಳ ನೆರಳು ಎದ್ದು ಕಾಣುತ್ತದೆ. ಎಡಗಡೆಯ ರಾಡಿನಲ್ಲಿ ಒಂದು ಸಂಖ್ಯೆ, ಬಲಗಡೆ ಇನ್ನೊಂದು, ಅಥವಾ ಹಳೆಯದನ್ನು ಅರದಿಂದ ಉಜ್ಜಿ ಅದರ ಪಕ್ಕದಲ್ಲೇ ಒತ್ತಿದ ಹೊಸ ಸಂಖ್ಯೆ ಕಂಡರೆ, ಸೇವೆಯಿಂದ ತೆಗೆದ ಯಾವುದೋ ಎಂಜಿನ್ನಿನ ಭಾಗ ಇದಕ್ಕೆ ಬಂದಿದೆ ಎಂದು ಊಹಿಸಬಹುದು. ಪ್ರತಿಯೊಂದು ಅಂಕಿಯ ಫೋಟೋ ತೆಗೆದು, ಯಾವ ಬದಿಯ ಯಾವ ಭಾಗ ಎಂಬುದನ್ನು ತಪ್ಪದೆ ಟಿಪ್ಪಣಿ ಮಾಡಿ.

ಚಕ್ರದ ಹೊರಗಿನ ಉಕ್ಕಿನ ಪಟ್ಟಿ ಓಡಿದಂತೆ ಸವೆಯುತ್ತದೆ; ಲೇತಿನಲ್ಲಿ ಮತ್ತೆ ಮತ್ತೆ ಕೆತ್ತಿದಂತೆ ತೆಳುವಾಗುತ್ತದೆ. ಪಟ್ಟಿ ತೀರ ತೆಳುವಾಗಿದ್ದರೆ ಎಂಜಿನ್ ಕೊನೆಯ ವರ್ಷಗಳಲ್ಲಿ ಹೊಸ ಪಟ್ಟಿ ಕಾಣದೆ ದುಡಿದಿದೆ. ಮೂಲ ಜೋಡಣೆಗಳಲ್ಲಿ ರಿವೆಟ್ಟಿನ ಸಾಲುಗಳಿದ್ದು, ನಡುವೆ ಬೆಸುಗೆಯ ತೇಪೆ ಇದ್ದರೆ ಅದು ನಂತರದ ರಿಪೇರಿ. ಬೆಂಕಿ ಉರಿಯುವ ಗೂಡಾದ ಫೈರ್‌ಬಾಕ್ಸಿನ ಮೂಲೆಯಲ್ಲಿರುವ ಬಾಯ್ಲರ್ ತೊಳೆಯುವ ಬಿರಡೆಗಳ ಅಂಚು ಸ್ಪ್ಯಾನರಿನ ಹಿಡಿತಕ್ಕೆ ದುಂಡಾಗಿದ್ದರೆ, ಗಡಸು ನೀರಿನ ಸೀಮೆಯಲ್ಲಿ ಆಗಾಗ ತೊಳೆಸಿಕೊಂಡ ಎಂಜಿನ್ ಅದಾಗಿರಬಹುದು.

ಬಾಯ್ಲರಿನ ಮೇಲಿನ ತಗಡನ್ನು ಯಾವ ಕಾರಣಕ್ಕೂ ಎಬ್ಬಿಸಬೇಡಿ. ಅದರ ಕೆಳಗೆ ಶಾಖ ತಡೆಯಲು ತುಂಬಿದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಆ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಕೆಳಗಿನ ಅಕ್ಷರ ನೋಡಲೆಂದು ಬಣ್ಣವನ್ನು ಕೆರೆಯುವುದೂ ತಪ್ಪು. ಬಣ್ಣದ ಪದರವೂ ದಾಖಲೆಯೇ.

ಕೊನೆಗೆ ಕಾಗದ. ಮೈಸೂರು ಸ್ಟೇಟ್ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿದ್ದರಿಂದ, ಒಂದೇ ಎಂಜಿನ್ನಿಗೆ ಎರಡು ಕಾಲದ ದಾಖಲೆಗಳಲ್ಲಿ ಎರಡು ಸಂಖ್ಯೆಗಳಿರಬಹುದು, ಎರಡನ್ನೂ ಹುಡುಕಿ. ಲೋಕೋ ಶೆಡ್ಡಿನಲ್ಲಿ ದುಡಿದ ಹಿರಿಯರು ಸಿಕ್ಕಾಗ ಎಂಜಿನ್ ಯಾವಾಗ ಬಂತೆಂದು ಕೇಳುವ ಮೊದಲು ರಾಡಿನ ಅಂಕಿಗಳ ಫೋಟೋ ತೋರಿಸಿ. ಯಾವ ಎಂಜಿನ್ನಿನಿಂದ ಯಾವ ಭಾಗ ಬಿಚ್ಚಿದ್ದೆಂದು ಅವರು ಹೇಳತೊಡಗಿದರೆ, ನಿಮ್ಮ ಟಿಪ್ಪಣಿಯಲ್ಲಿ ಆಯಾ ಅಂಕಿಯ ಎದುರಿಗೇ ಅದನ್ನು ಬರೆದುಕೊಳ್ಳಿ.