16ನೇ ವಾರದ ಸೂಜಿ, ಐಸ್ ಡಬ್ಬಿ, ಕೆಮ್ಮಿದ ನಾಯಿಗಳು: ನನ್ನ ಅನುಭವ

ಈ ಚಳಿಗಾಲದಲ್ಲಿ ನನ್ನ ಶೆಡ್ಡಿನ ಮುಕ್ಕಾಲು ಪಾಲು ನಾಯಿಗಳಿಗೆ ಕೆಮ್ಮು ಬಂತು. ಒಂದೂ ಸಾಯಲಿಲ್ಲ, ಮರಿಗಳೂ ಉಳಿದವು. ಕಲಬುರಗಿ ಕಡೆ ನಾಯಿ ಸಾಕುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಿರುತ್ತದೆ. "ನೆಗಡಿ ಆಗಿತ್ರೀ, ಎಂಟ್ ದಿನಕ್ಕ ಹೋಯ್ತು" ಅನ್ನುವುದನ್ನು ಪ್ರತಿ ವರ್ಷ ಕೇಳುತ್ತೇವಲ್ವಾ. ಹಾಗೆ ಸತ್ತವುಗಳಲ್ಲಿ ಬಹಳಷ್ಟು ನೆಗಡಿ ಅಲ್ಲವೇ ಅಲ್ಲ, ಡಿಸ್ಟೆಂಪರ್ ಅನ್ನುವ ನಾಯಿಗಳ ಮಾರಕ ವೈರಸ್ ರೋಗ. ಅದನ್ನು ತಡೆಯಲು ನಾನು ಹಿಡಿದ ದಾರಿಗೆ ಎಲ್ಲರೂ ಬೇಡ ಅಂದಿದ್ದರು. ಈಗ ಫಲ ಕಣ್ಣೆದುರಿಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸೇಡಂ ರಸ್ತೆ ಕಡೆ ನನ್ನ ಜಾಗ. ಊರಿಗೆ, ಜಾತ್ರೆಗೆ ಹೋಗುವವರು ನಾಯಿ ಬಿಟ್ಟುಹೋಗುತ್ತಾರೆ. ಜೊತೆಗೆ ವರ್ಷಕ್ಕೆ ಒಂದೆರಡು ಸೂಲು ಲ್ಯಾಬ್ರಡಾರ್ ಮರಿ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸೂಲಿನಲ್ಲಿ ಏಳೆಂಟು ಮರಿ ಇದ್ದವು. ಎಲ್ಲಕ್ಕೂ 45 ದಿನಕ್ಕೊಂದು, ಮತ್ತೆ 21 ದಿನಕ್ಕೊಂದು ಅಂತ ಲಸಿಕೆಯ ಎರಡು ಸೂಜಿ ಆಗಿತ್ತು, ಕಾರ್ಡಿನಲ್ಲಿ ಸ್ಟಿಕ್ಕರ್ ಕೂಡ ಇತ್ತು. ಮೂರು ತಿಂಗಳಾಗುವಷ್ಟರಲ್ಲಿ ಕಣ್ಣಲ್ಲಿ ಗೀಜು, ಮೂಗಲ್ಲಿ ಹಳದಿ ಸಿಂಬಳ. ಜ್ವರ ಎರಡು ದಿನ ಬಿಟ್ಟು ಮತ್ತೆ ಏರಿತು. ಆಮೇಲೆ ದವಡೆ ಕಟಕಟ ಆಡಿಸುವ ಫಿಟ್ಸ್. ಎರಡು ಮಾತ್ರ ಉಳಿದವು, ಅದರಲ್ಲೊಂದಕ್ಕೆ ಇಂದಿಗೂ ಕಾಲು ಅದುರುತ್ತದೆ. ಡ್ರಿಪ್ಪು, ಇಂಜೆಕ್ಷನ್ನು ಅಂತ ಸುಮಾರು 15,000 ಹೋಯಿತು. ಮಾರಾಟದಲ್ಲಿ ಕಳೆದದ್ದು ಹತ್ತಿರ ಹತ್ತಿರ 50,000.

ಸೂಜಿ ಹಾಕಿಸಿಯೂ ಯಾಕೆ ಹೀಗಾಯಿತು ಅಂತ ಬೆನ್ನು ಹತ್ತಿದೆ. ಎರಡು ಕಾರಣ ಸಿಕ್ಕವು.

ಒಂದು, ತಾಯಿ ಹಾಲಿನಿಂದ ಮರಿಗೆ ಬಂದ ರಕ್ಷಣೆಯೇ ಲಸಿಕೆಯನ್ನು ಹೊಡೆದುಹಾಕುತ್ತದೆ. ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಅಂತ ಹೇಳಲಾಗದು, ಒಂದೇ ಸೂಲಿನ ಅಣ್ಣತಮ್ಮಂದಿರಲ್ಲೂ ಬೇರೆ ಬೇರೆ. ಅದಕ್ಕೇ ಕೊನೆಯ ಸೂಜಿ 16 ವಾರಕ್ಕೆ ಅಥವಾ ಅದರ ಮೇಲೆ ಬೀಳಬೇಕು. ನಮ್ಮಲ್ಲಿ ಎರಡು ಸೂಜಿಗೆ ನಿಲ್ಲಿಸುವುದೇ ಜಾಸ್ತಿ. ನನ್ನ ಶೆಡ್ಡಿಗೆ ಬೀದಿ ನಾಯಿಯ ಸಂಪರ್ಕ ಇಲ್ಲ, ಹಾಗಾಗಿ ನಾನು 8, 12, 16 ವಾರ ಹಿಡಿದೆ. ಬೀದಿಗೆ ಅಂಟಿಕೊಂಡ ಮನೆಯಾದರೆ 6ನೇ ವಾರಕ್ಕೇ ಶುರುಮಾಡಿ ಒಂದು ಸೂಜಿ ಹೆಚ್ಚಿಗೆ ಹಾಕಿಸಬೇಕಾಗುತ್ತದೆ. ರೇಬಿಸ್ ಸೂಜಿ ಮೂರು ತಿಂಗಳು ತುಂಬಿದ ಮೇಲೆ, ಆಮೇಲೆ ವರ್ಷ ವರ್ಷ. ಅದರಲ್ಲಿ ರಾಜಿ ಇಲ್ಲ.

ತೊಂದರೆ ಏನೆಂದರೆ ಮರಿ ಎರಡು ತಿಂಗಳಿಗೇ ಮಾರಾಟವಾಗುತ್ತದೆ. ಕೊನೆಯ ಸೂಜಿ ಕೊಂಡವರ ಕೈಯಲ್ಲಿ. ಅವರು ಮರೆಯುತ್ತಾರೆ. ಅದಕ್ಕೆ ಮರಿಯ ಬೆಲೆಯ ಮೇಲೆ 1,000 ರೂಪಾಯಿ ಹೆಚ್ಚಿಗೆ ಹಿಡಿದುಕೊಳ್ಳತೊಡಗಿದೆ. 16ನೇ ವಾರ ಸೂಜಿ ಹಾಕಿಸಿ ಕಾರ್ಡ್ ತೋರಿಸಿದರೆ ಹಣ ವಾಪಸ್. ನನ್ನ ಹತ್ತಿರವೇ ತಂದರೆ ಡಾಕ್ಟರ್ ಫೀ ನನ್ನದು. ಆಳಂದ ರಸ್ತೆಯ ಮರಿ ಮಾರುವ ಗೆಳೆಯ ಕೇಳಿದವನೇ, "ಅಣ್ಣಾ, ಇದ್ರಾಗ ಗಿರಾಕಿ ಓಡಿ ಹೋಗ್ತಾರ, ಸುಮ್ನೆ ಯಾಕ?" ಅಂದ. ಮೊದಲ ಸೂಲಿನಲ್ಲಿ ಒಂದಿಬ್ಬರು ಹೋದದ್ದು ನಿಜ. ಈಗ ಯಾದಗಿರಿ, ಶಹಾಪುರ, ಹುಮನಾಬಾದಿನಿಂದ ಹುಡುಕಿಕೊಂಡು ಬರುತ್ತಾರೆ. ಹತ್ತರಲ್ಲಿ ಎಂಟು ಜನ ಹಣ ವಾಪಸ್ ತಗೊಂಡಿದ್ದಾರೆ ಅಂತ ಅಂದಾಜು. ನನಗೆ ಬೇಕಾದದ್ದು ಅದೇ.

ಎರಡನೇ ಕಾರಣ ತಂಪು. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ. ಆಗ ನಾನು ಲಸಿಕೆ ತರುತ್ತಿದ್ದ ಅಂಗಡಿಯಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಫ್ರಿಜ್ ಕೂಡ ಬಂದ್. ಒಂದು ಮಧ್ಯಾಹ್ನ ಬಾಟಲಿ ಕೈಗೆ ತೆಗೆದುಕೊಂಡರೆ ತಂಪೇ ಇರಲಿಲ್ಲ. ಪುಡಿ ರೂಪದ ಬಾಟಲಿಯಲ್ಲಿರುವ ಜೀವಂತ ಲಸಿಕೆಗಳಲ್ಲಿ ಡಿಸ್ಟೆಂಪರಿನದು ಬಿಸಿಗೆ ಬಲು ಬೇಗ ಕೆಡುತ್ತದೆ. ನೀರು ಕಲಸಿದ ಮೇಲಂತೂ ಇಟ್ಟುಕೊಳ್ಳುವ ಹಾಗೇ ಇಲ್ಲ. ಅದಕ್ಕೆ ನನ್ನ ಶೆಡ್ಡಿನಲ್ಲಿ ನನ್ನ ಕಣ್ಣೆದುರೇ ಕಲಸಿ, ಆಗಲೇ ಚುಚ್ಚಬೇಕು. ಮೊದಲು ಡಾಕ್ಟರಿಗೆ ಬೇಸರವಾಗುತ್ತಿತ್ತು, ಈಗ ಅವರೇ "ನಿಮ್ಮ ಡಬ್ಬಿ ತಗೊಂಡು ಬರ್ರೀ" ಅನ್ನುತ್ತಾರೆ.

ಡಬ್ಬಿ ಅಂದರೆ ದಪ್ಪ ಥರ್ಮಾಕೋಲ್ ಡಬ್ಬಿ, ನಾಲ್ಕು ಐಸ್ ಪ್ಯಾಕ್, ಕಡಿಮೆ ಹೆಚ್ಚು ಎರಡನ್ನೂ ನೆನಪಿಡುವ ಥರ್ಮಾಮೀಟರ್. ಎಲ್ಲ ಸೇರಿ 1,200 ಚಿಲ್ಲರೆ ಖರ್ಚು. ಐಸ್ ಪ್ಯಾಕ್ ಬಟ್ಟೆ ಸುತ್ತದೆ ಇಡಬೇಡಿ. ರೇಬಿಸ್ ಸೂಜಿ, ಇಲಿಜ್ವರದ ಲೆಪ್ಟೊ ಸೂಜಿ ಹೆಪ್ಪುಗಟ್ಟಿದರೆ ಹಾಳು. ಬಿಸಿಗೆ ಹೆದರಿ ಐಸಿಗೆ ಅಂಟಿಸಿಟ್ಟು ಕೆಡಿಸಿದವರನ್ನು ನೋಡಿದ್ದೇನೆ. ಡಬ್ಬಿಯೊಳಗೆ ಜೋಡಿಸುವುದರಲ್ಲಿ ನನ್ನದೇ ಒಂದು ಕ್ರಮ ಇದೆ, ಬೇಸಿಗೆಯಲ್ಲೂ ಏಳೆಂಟು ಗಂಟೆ ತಂಪು ಹಿಡಿಯುತ್ತದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಅದೇ ಥರ್ಮಾಮೀಟರ್ ಮನೆಯ ಫ್ರಿಜ್ಜಿನಲ್ಲೂ ಇಟ್ಟು ನೋಡಿದೆ. ಬಾಗಿಲಿನ ಕಪಾಟು ಮೇ ಮಧ್ಯಾಹ್ನ 13 ದಾಟಿತ್ತು. ನಡುವಿನ ತಟ್ಟೆ 5, 6ರಲ್ಲೇ ಇತ್ತು. ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಟ್ಟರೆ ಕರೆಂಟ್ ಹೋದಾಗ ತಂಪು ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತದೆ. ಮಣ್ಣಿನ ಗಡಿಗೆಗೆ ಒದ್ದೆ ಗೋಣಿತಟ್ಟು ಸುತ್ತಿಯೂ ಪರೀಕ್ಷೆ ಮಾಡಿದೆ. 25ರ ಕೆಳಗೆ ಇಳಿಯಲೇ ಇಲ್ಲ. ಕುಡಿಯುವ ನೀರಿಗೆ ಸರಿ, ಲಸಿಕೆಗೆ ಬೇಡ.

ಇನ್ನು ಈ ಸಲದ ಕೆಮ್ಮು. ಬೋರ್ಡಿಂಗಿಗೆ ಬಂದ ಒಂದು ಪೊಮೆರೇನಿಯನ್ ತಂದುಕೊಟ್ಟಿತು. ಒಣ ಕೆಮ್ಮು, ಕೊನೆಗೆ ಓಕರಿಸಿ ಬಿಳಿ ನೊರೆ. ಮನೆಯವರು "ಮೂಳೆ ಸಿಕ್ಕದ" ಅಂತ ಗಂಟಲಿಗೆ ಬೆರಳು ಹಾಕಿ ನೋಡಿದ್ದರಂತೆ. ಅದು ಕೆನಲ್ ಕಾಫ್, ಒಟ್ಟಿಗಿರುವ ನಾಯಿಗಳಲ್ಲಿ ಹಬ್ಬುವ ಅಂಟು ಕೆಮ್ಮು. ವಾರದೊಳಗೆ ಪಕ್ಕದ ಗೂಡುಗಳಿಗೆ ಹಬ್ಬಿತು. ಎಲ್ಲರೂ ಹೇಳಿದ್ದು ಒಂದೇ, ಎಲ್ಲಕ್ಕೂ ಆ್ಯಂಟಿಬಯೋಟಿಕ್ ಹೊಡೆಸಿಬಿಡಿ ಅಂತ. ನಾನು ಹೊಡೆಸಲಿಲ್ಲ. ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ ಕಾಯುವುದು ಅಂತ ತೀರ್ಮಾನ ಮಾಡಿದೆ. ಸೂಜಿ ಸರಿಯಾಗಿ ಬಿದ್ದಿದೆ ಅನ್ನುವ ಧೈರ್ಯ ಇದ್ದದ್ದಕ್ಕೇ ಕಾಯಲು ಆಯಿತು. ಇಲ್ಲದಿದ್ದರೆ ಪ್ರತಿ ಕೆಮ್ಮಿಗೂ ಡಿಸ್ಟೆಂಪರ್ ಅಂತ ಎದೆ ಒಡೆದುಕೊಳ್ಳಬೇಕಿತ್ತು.

ಬೆಳಿಗ್ಗೆ, ಸಂಜೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಗೋಡೆಯ ಮೇಲೆ ಚಾಕಿನಲ್ಲಿ ಬರೆದೆ. ನಾಯಿಗೆ 100.5ರಿಂದ 102.5 ಫ್ಯಾರನ್‌ಹೀಟ್ ಸಹಜ. 103 ದಾಟಿದರೆ, ಊಟ ಬಿಟ್ಟರೆ, ಉಸಿರು ಜೋರಾದರೆ, ಸಿಂಬಳ ಹಳದಿ ಹಸಿರಾದರೆ ಡಾಕ್ಟರು ಬಂದು ನೋಡಬೇಕು. ಹಾಗಾದದ್ದು ಎರಡು ನಾಯಿಗೆ ಮಾತ್ರ, ಅವಕ್ಕೆ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ಉಳಿದವು ಎರಡು ಮೂರು ವಾರದಲ್ಲಿ ತಾವೇ ಸುಧಾರಿಸಿದವು. ಕೊರಳಪಟ್ಟಿ ಎಲ್ಲ ಬಿಚ್ಚಿ ಎದೆಗೆ ಕಟ್ಟುವ ಹಾರ್ನೆಸ್ ಹಾಕಿದೆ, ಗಂಟಲು ಒತ್ತಿದರೆ ಕೆಮ್ಮು ಕೆರಳುತ್ತದೆ. ಓಡಾಟ ಬಂದ್. ಬಚ್ಚಲಲ್ಲಿ ಗೀಸರ್ ನೀರು ಬಿಟ್ಟು ಹತ್ತು ನಿಮಿಷ ಹಬೆಯಲ್ಲಿ ಕೂರಿಸಿದೆ. ಇದು ಜನವರಿಗೆ ಸರಿ. ಏಪ್ರಿಲಿನಲ್ಲಿ ಮಾಡಿದರೆ ನಾಯಿ ಏದುಸಿರು ಬಿಡುತ್ತದೆ, ಬೇಡವೇ ಬೇಡ. 1,800ಕ್ಕೆ ನೆಬ್ಯುಲೈಸರ್ (ದ್ರವವನ್ನು ಮಂಜು ಮಾಡಿ ಉಸಿರಿಗೆ ಕೊಡುವ ಯಂತ್ರ) ತಂದು ಪೆಟ್ಟಿಗೆಗೆ ಚಾದರ ಮುಚ್ಚಿ ಬರೀ ಸಲೈನ್ ಹಾಕಿಯೂ ನೋಡಿದೆ. ಶಾಂತ ನಾಯಿಗಳಿಗೆ ಒಳ್ಳೆಯದಾಯಿತು. ಹೆದರುಪುಕ್ಕಲು ನಾಯಿಗಳು ಗಾಬರಿಗೆ ಇನ್ನೂ ಜಾಸ್ತಿ ಕೆಮ್ಮಿದವು, ಅವಕ್ಕೆ ನಿಲ್ಲಿಸಿದೆ.

ಮೂಗು ಕಟ್ಟಿದ ನಾಯಿಗೆ ವಾಸನೆ ಸಿಗದೆ ಊಟ ಸೇರುವುದಿಲ್ಲ. ಜೋಳದ ಅಂಬಲಿಗೆ ಕೋಳಿ ಬೇಯಿಸಿದ ನೀರು ಬೆರೆಸಿ ಬೆಚ್ಚಗೆ ಕೊಟ್ಟೆ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ. ಅದಕ್ಕೆ ಇನ್ನೊಂದು ಸಾಮಾನು ಬೀಳುತ್ತದೆ, ಹಟ ಹಿಡಿದ ನಾಯಿಯೂ ನೆಕ್ಕುತ್ತದೆ. ಅದು ನನ್ನ ಮನೆಯಾಕೆಯ ಕೈಗುಣ, ಅವಳನ್ನೇ ಕೇಳಬೇಕು. ಮನುಷ್ಯರ ನೆಗಡಿ ಗುಳಿಗೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತದೆ. ಕರ್ಪೂರ ಇರುವ ಬಾಮು ಎದೆಗೆ ಹಚ್ಚಬೇಡಿ, ನೆಕ್ಕಿಕೊಂಡರೆ ವಿಷ.

ಕೆಮ್ಮಿದ್ದೆಲ್ಲ, ಸೀನಿದ್ದೆಲ್ಲ ಒಂದೇ ರೋಗ ಅಂದುಕೊಳ್ಳಬೇಡಿ. ತೊಗರಿ ರಾಶಿ ಮಾಡುವಾಗ ಹೊಟ್ಟಿನ ಧೂಳಿಗೆ ನನ್ನ ನಾಯಿಗಳು ದಿನವಿಡೀ ಸೀನುತ್ತವೆ, ಜ್ವರ ಇರುವುದಿಲ್ಲ. ಒಂದೇ ಹೊಳ್ಳೆಯಿಂದ ಸಿಂಬಳ ಸುರಿದರೆ ಒಳಗೆ ಹುಲ್ಲಿನ ಮುಳ್ಳು ಹೊಕ್ಕಿರಬಹುದು. ಮೂಗಿಂದ ರಕ್ತ, ಜೊತೆಗೆ ಜ್ವರ ಬಂದರೆ ಉಣ್ಣೆ ಹುಳ ಕಚ್ಚಿ ಬರುವ ಜ್ವರದ ಅನುಮಾನ, ಆಗ ಕಾಯಬಾರದು, ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರಿಗೂ ಬಗೆಹರಿಯದಿದ್ದರೆ ಬೀದರಿನ ನಂದಿನಗರದ ವೆಟರ್ನರಿ ಕಾಲೇಜಿಗೆ ಒಯ್ಯಿರಿ.

ನೆಲದ ವಿಷಯ ಒಂದು ಹೇಳಬೇಕು. ನಮ್ಮದೆಲ್ಲ ಶಹಾಬಾದ್ ಕಲ್ಲು. ಆ್ಯಸಿಡ್ ಹಾಕಿದರೆ ಕಲ್ಲು ನೊರೆ ಬಂದು ತಿನ್ನುತ್ತದೆ. ಫಿನೈಲಿನ ವಾಸನೆ ಚೆನ್ನಾಗಿರುತ್ತದೆ, ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಸ್ ಮಾತ್ರ ಸಾಯುವುದಿಲ್ಲ. ಮೊದಲು ಸೋಪಿನಲ್ಲಿ ಉಜ್ಜಿ ಜಿಡ್ಡು ತೆಗೆಯಬೇಕು. ಆಮೇಲೆ ಮನೆಗೆ ತರುವ ಬ್ಲೀಚ್ ದ್ರಾವಣ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ತೊಳೆಯುತ್ತೇನೆ. ತಿಂಗಳಿಗೆ 200 ರೂಪಾಯಿ ಕೂಡ ಆಗುವುದಿಲ್ಲ.

ಈ ಕೆಮ್ಮಿನ ಇಡೀ ಗಲಾಟೆಗೆ ಔಷಧಿ, ಡಾಕ್ಟರ್ ಫೀ, ನೆಬ್ಯುಲೈಸರ್ ಸೇರಿ 6,000 ಆಸುಪಾಸು ಖರ್ಚಾಯಿತು. ಬೋರ್ಡಿಂಗ್ ಒಂದು ತಿಂಗಳು ಮುಚ್ಚಿದ್ದರಿಂದ ಆದ ನಷ್ಟ ಅದಕ್ಕಿಂತ ದೊಡ್ಡದು, ಸುಮಾರು 20,000. ವಾಸಿಯಾದ ನಾಯಿಯೂ ಕೆಲವು ವಾರ ರೋಗ ಹರಡುತ್ತದೆ, ಬೇಗ ತೆರೆಯುವ ಹಾಗಿರಲಿಲ್ಲ. ಆಮೇಲೆ ಮೂಗಿಗೆ ಹಾಕುವ ಕೆನಲ್ ಕಾಫ್ ಲಸಿಕೆಯನ್ನು ಹೈದರಾಬಾದಿನಿಂದ ರಾತ್ರಿ ಬಸ್ಸಿನಲ್ಲಿ ನನ್ನ ಡಬ್ಬಿಯಲ್ಲೇ ತಂದೆವು. ಹಾಕಿದ ಮೇಲೆ ಎರಡು ಮೂರು ದಿನ ಕೆಲವು ನಾಯಿ ಸೀನುತ್ತವೆ, ನಾಯಿ ಬಿಡುವವರಿಗೆ ಮೊದಲೇ ಹೇಳಿಬಿಡಿ. ಬರುವ ದೀಪಾವಳಿಯಿಂದ ಆ ಲಸಿಕೆ ಆಗಿ ಎರಡು ವಾರ ತುಂಬದ ನಾಯಿಗೆ ನನ್ನಲ್ಲಿ ಜಾಗ ಇಲ್ಲ. ತಮ್ಮ ಊರಲ್ಲಿ ಸಿಗದವರು ಮೂರು ವಾರ ಮೊದಲೇ ಹೇಳಿದರೆ ತರಿಸಿ ಇಡುತ್ತೇನೆ, ಬೆಲೆ ಬಿಲ್ಲಿನಲ್ಲಿ ಇದ್ದಷ್ಟೇ.